ಅಣ್ಣನಿಗೆ ಬನ್ನಿ

ಅವ್ವಾ,

ನೀನಿಲ್ಲದ ಮೊದಲ ದಸರೆ ಇದು. ಮೊನ್ನೆ ಅಮೀರ್‌ಪೇಟೆಯಲ್ಲಿ, ಜಾವಾ ಕಲಿಸುವ ಕ್ಲಾಸಿನ ಮೇಲಿರುವ ಕ್ಲಿನಿಕ್ಕಿನಲ್ಲಿ ಕಾಶಿನಾಥಣ್ಣನ ಬುದ್ಧಿ ಅಳೆದರು. ಅವನಿಗೆ ನಲವತ್ತೆರಡಾದರೂ ಮಾನಸಿಕ ವಯಸ್ಸು ಆರಂತೆ.

ಅದನ್ನು ಕೇಳಿಸಿಕೊಂಡಿದ್ದ ನನ್ನ ಮಗಳು ಪೂರ್ವಿ ಇವತ್ತು ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವಾಗ ಹಟ ಹಿಡಿದಳು. "ಮಾಮಾಗ ಆರು, ನನಗ ಎಂಟು. ಮಾಮಾನ ನನ್ನ ಕಾಲಿಗೆ ಬೀಳಬೇಕು."

ನಾನು ಗದರುವ ಮೊದಲೇ ಅಣ್ಣ, ನೀನು ಕೂರಿಸುತ್ತಿದ್ದಂತೆಯೇ, ಕಾಲು ಜೋಡಿಸಿ ಕುರ್ಚಿಯಲ್ಲಿ ಕುಳಿತ. "ಹಿರ್ಯಾರು ಬಾಗಬಾರದವಾ, ಅವ್ವ ಹೇಳ್ಯಾಳ," ಎಂದ. ಪೂರ್ವಿ ಬನ್ನಿ ಕೊಟ್ಟು ಬಾಗಿದಳು. ಅವಳ ತಲೆಯ ಮೇಲೆ ಕೈಯಿಟ್ಟು, "ಬಂಗಾರದಂಗ ಇರು," ಎಂದು ಹರಸಿದ.

ಪ್ರತಿ ದಸರೆಗೂ ನೀನು ನಮ್ಮನ್ನೆಲ್ಲ ಅವನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದೆ. ಆರು ವರ್ಷದವನನ್ನು ಮನೆಯ ಹಿರಿಯನನ್ನಾಗಿ ಮಾಡಲು ನಿನಗೆಷ್ಟು ದಸರೆ ಬೇಕಾದವೋ, ನಾನು ಕೇಳಲೇ ಇಲ್ಲ.