ಸೊಸೆ ಹೊಲಿದ ಗುಂಡಿಗಳು

ಅಂಗಡಿಯ ಮೇಲಿನ ಮನೆ,
ಮಾರ್ಚ್ ೧೨, ಗುರುವಾರ

ನಮ್ಮ ಮನೆಯ ಮಗಳಿಗೆ, ನಿನ್ನ ಮಾವನ ಆಶೀರ್ವಾದ.

ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಿನ್ನ ತಾಯಿಗೆ ನಿದ್ದೆ ಬರುತ್ತಿದೆಯಾ? ಇಲ್ಲಿ ನಿನ್ನ ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನಿನ್ನ ಗಂಡ ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದಾನೆ. ನಿನಗೆ ಓದಲು ಸುಲಭವಾಗಲೆಂದು ಅಕ್ಷರ ಬಿಡಿಬಿಡಿಯಾಗಿ ಬರೆದಿದ್ದೇನೆ. ತಿಳಿಯದಿದ್ದರೆ ಅವನನ್ನು ಕೇಳಬೇಡ, ಅಪ್ಪನ ಮಾನ ಉಳಿಸಲು ಸಕ್ಕರೆ ಬೆರೆಸಿ ಹೇಳುತ್ತಾನೆ.

ನಿನ್ನ ತಂದೆ ತೀರಿಕೊಂಡರೆಂದು ನೀನು ತವರಿಗೆ, ಅಮೆರಿಕಕ್ಕೆ ಹೊರಟು ಆರು ವಾರವಾಯಿತು. ವಾರಕ್ಕೆರಡು ಸಲ ಫೋನು ಮಾಡುತ್ತೀಯ, ಗಂಡನ ಜೊತೆ ಮಾತಾಡುತ್ತೀಯ, ಅತ್ತೆಯ ಜೊತೆ ಮಾತಾಡುತ್ತೀಯ. ನಾನು ಪಕ್ಕದಲ್ಲೇ ಕೂತು ಕೆಮ್ಮುತ್ತೇನೆ. ಮಾವನಿಗೆ ಫೋನು ಕೊಡಿ ಎಂದು ನೀನು ಒಮ್ಮೆಯೂ ಕೇಳುವುದಿಲ್ಲ. ಯಾವಾಗ ವಾಪಸು ಬರುತ್ತಾಳಂತೆ ಎಂದರೆ ಮಗ ಮುಖ ತಿರುಗಿಸುತ್ತಾನೆ. ಕಾರಣ ನನಗೆ ಗೊತ್ತು ತಾಯಿ. ಅಂಗಡಿಯಲ್ಲಿ ನಾನು ಆ ಮಾತಾಡಿದಾಗ ನೀನು ಪರದೆಯ ಹಿಂದೆ ಕೂತಿದ್ದೆ.

ನಿನಗೆ ಗೊತ್ತಲ್ಲ, ನಮ್ಮ ಅಂಗಡಿಯಲ್ಲಿ ಅಮೆರಿಕದವರ ವಿಷಯಕ್ಕೆ ಎಲ್ಲರೂ ಪಂಡಿತರೇ. ಹೋಗಿ ನೋಡಿದವನು ಒಬ್ಬನೂ ಇಲ್ಲ. ಇಸ್ತ್ರಿಯವನ ಪ್ರಕಾರ ಅಲ್ಲಿ ಮನೆಗಳಲ್ಲಿ ಒಲೆಯೇ ಹಚ್ಚುವುದಿಲ್ಲ, ಪ್ರತಿಯೊಬ್ಬನ ಜೇಬಿನಲ್ಲೂ ಪಿಸ್ತೂಲು. ನಾನೇನು ಕಡಿಮೆಯೇ? ನಲವತ್ತು ವರ್ಷದಲ್ಲಿ ಅಳತೆಯಿಲ್ಲದೆ ಕತ್ತರಿ ಮುಟ್ಟದ ದರ್ಜಿ, ಮದುವೆಗೆ ನಿನಗೊಂದು ಕೋಟು ಹೊಲಿಯುವಾಗ ಮಾತ್ರ ಅಳತೆ ಕೇಳಲಿಲ್ಲ. ಅಮೆರಿಕದವರೆಂದರೆ ಎತ್ತರ, ದಪ್ಪ ಎಂದು ಅಂದಾಜಿನಲ್ಲೇ ಕತ್ತರಿಸಿಬಿಟ್ಟೆ. ನೀನು ನೋಡಿದರೆ ಕಡ್ಡಿಯಂಥ ಹುಡುಗಿ! ಇನ್ನೂ ಇಬ್ಬರು ಸೊಸೆಯಂದಿರು ಅದರೊಳಗೆ ಹಿಡಿಸುತ್ತಿದ್ದರು. ನೀನು ತೋಳು ಮಡಚಿಕೊಂಡು, ನಗುನಗುತ್ತಾ ಮೂರು ಚಳಿಗಾಲ ಅದನ್ನೇ ಹಾಕಿಕೊಂಡೆ. ನಾನು ಆ ನಗುವನ್ನೂ ಬಿಡಲಿಲ್ಲ. ಅವರದು ತುಟಿ ಮೇಲಿನ ನಗು, ಒಳಗೇನೂ ಇರಲ್ಲ ಎಂದು ಬಂದವರ ಮುಂದೆಲ್ಲ ಹೇಳಿದೆ.

ಆ ದಿನ ಬೆಳಗ್ಗೆ ನೀನು ಎಂದಿನಂತೆ ಕೆಳಗೆ ಬಂದು ಗುಂಡಿಯ ಡಬ್ಬಿ ತೆಗೆದುಕೊಂಡು ಕೂತೆ. ಬಂದ ಗಿರಾಕಿಗಳಿಗೆ ನಕ್ಕು ನಮಸ್ಕಾರ ಹೇಳಿ ಪರದೆಯ ಹಿಂದೆ ಸರಿದೆ. ಸಂಜೆಗೆ ವಿಮಾನ, ಮೇಲೆ ಪೆಟ್ಟಿಗೆ ಕಟ್ಟಿ ಇಟ್ಟಾಗಿದೆ, ನೀನು ನೋಡಿದರೆ ಹೀಗೆ! ಇಸ್ತ್ರಿಯವನು ಹುಬ್ಬು ಹಾರಿಸಿದ. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ? "ಅವರ ಕಡೆ ಹಾಗೇ ಕಣಯ್ಯ. ಹದಿನೆಂಟು ತುಂಬಿದ್ರೆ ಮಕ್ಕಳನ್ನ ಆಚೆ ಹಾಕ್ತಾರೆ. ಅಪ್ಪ ಅಂದ್ರೆ ಯಾರೋ ದೂರದ ನೆಂಟ ಇದ್ದ ಹಾಗೆ" ಅಂದೆ. ನೀನು ಪರದೆ ಸರಿಸಿ ಬಂದು, "ಮೇಷ್ಟ್ರ ನಾಲ್ಕೂ ಅಂಗಿ ಆಯ್ತು ಮಾವ" ಎಂದು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದೆ. ಆಗಲೂ ನಕ್ಕೆ.

ಮಾರನೆಯ ದಿನ ಮೇಷ್ಟ್ರಿಗೆ ಕೊಡಲೆಂದು ಆ ನಾಲ್ಕು ಅಂಗಿಗಳನ್ನು ಬಿಡಿಸಿದೆ. ನೀನು ಗುಂಡಿಗಳನ್ನೆಲ್ಲ ಕಾಜಾ ಇರುವ ಕಡೆಗೇ ಹೊಲಿದಿದ್ದೆ, ತೂತಿನ ಮೇಲೇ. ದಾರ ಎಷ್ಟು ಸಲ ಸುತ್ತಿದ್ದೆಯೆಂದರೆ ಗುಂಡಿಯೇ ಕಾಣುತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ಗುಂಡಿಯೂ ಆಚೀಚೆ ಆಗದ ಕೈ ನಿನ್ನದು. ನಿನ್ನ ಅತ್ತೆಗೆ ತೋರಿಸಿದೆ. ಅವಳು ಬಿಡುತ್ತಾಳೆಯೇ? "ನಿಮ್ಮಪ್ಪ ಹೋದಾಗ ನೀವೇನ್ ಮಾಡಿದ್ರಿ? ಮಣ್ಣು ಮಾಡಿ ಬಂದು ಸಂಜೆಗೇ ಮದುಮಗನ ಕೋಟಿಗೆ ತೋಳು ಕೂರಿಸಲಿಲ್ವಾ? ಊರೆಲ್ಲ ಎಂಥಾ ಗಟ್ಟಿ ಮನುಷ್ಯ ಅಂತು. ನೀವು ಮಾಡಿದ್ರೆ ಗಟ್ಟಿತನ, ಅವಳು ಮಾಡಿದ್ರೆ ಕಲ್ಲೆದೆ!" ನಾನು ಗುಂಡಿ ಬಿಚ್ಚಲು ಕೂತೆ. ಮೂರು ಅಂಗಿ ಸರಿಮಾಡಿದೆ. ನಾಲ್ಕನೆಯದಕ್ಕೆ ಕೈಯೇ ಬರಲಿಲ್ಲ, ಮೇಷ್ಟ್ರಿಗೆ ಹೊಸದು ಹೊಲಿದು ಕೊಟ್ಟೆ.

ಇಸ್ತ್ರಿಯವನಿಗೂ ಹೇಳಿದೆ, ನಾನಂದದ್ದು ಸುಳ್ಳು ಅಂತ. ಅವನು, "ಬಿಡಿ, ನಿಮ್ಮ ಸೊಸೆ ಅವರ ಹಾಗಲ್ಲ" ಅಂದ. ಎಷ್ಟು ಜನ ಅಮೆರಿಕದವರನ್ನ ನೋಡಿದ್ದೀಯಪ್ಪ ಎಂದೆ. ಇವಳೊಬ್ಬಳನ್ನೇ ಅಂದ. ಹಾಗಾದ್ರೆ ನೀನು ನೋಡಿದೋರೆಲ್ಲ ಒಳ್ಳೆಯವರೇ ಆಯ್ತಲ್ಲೋ ಎಂದೆ. ತಲೆ ಕೆರೆದುಕೊಂಡು ಹೋದ.

ತಪ್ಪಾಯಿತಮ್ಮ. ಬಹಳ ದೊಡ್ಡ ತಪ್ಪಾಯಿತು. ನಿನಗೆ ಮನಸ್ಸಾದಾಗ ಬಾ, ಆದರೆ ಬಾ. ತಾಯಿಯನ್ನು ಚೆನ್ನಾಗಿ ನೋಡಿಕೋ. ನೀವಿಬ್ಬರೂ ನೂರು ಕಾಲ ತಣ್ಣಗಿರಿ.

ನಾಲಿಗೆಗೆ ಎಲುಬಿಲ್ಲದ,
ನಿನ್ನ ಮಾವ

ಮರೆತಿದ್ದೆ: ನಿನ್ನ ತಾಯಿಗೂ ಸಮಾಧಾನದ ನಾಲ್ಕು ಸಾಲು ಬರೆದು ಇದರಲ್ಲೇ ಇಟ್ಟಿದ್ದೇನೆ, ಓದಿ ಹೇಳು. ಬರೆಯಲು ಕೂತು, "ನಿಮ್ಮ ಯಜಮಾನರಾದ ಶ್ರೀ" ಎಂಬಲ್ಲಿಗೆ ನಿಂತುಬಿಟ್ಟೆ. ಮೂರು ವರ್ಷದಲ್ಲಿ ನಿಮ್ಮಲ್ಲಿ ಮನೆಗೆಷ್ಟು ಕಾರು ಎಂದು ಹತ್ತು ಸಲ ಕೇಳಿರಬೇಕು, ನಿನ್ನ ತಂದೆಯ ಹೆಸರೇನೆಂದು ಒಮ್ಮೆಯೂ ಕೇಳಲಿಲ್ಲ. ನಿನ್ನ ಗಂಡ ಹೇಳಲು ಬಂದ, ಬೇಡವೆಂದೆ. ನಿನ್ನ ಬಾಯಿಂದಲೇ ಕೇಳಬೇಕು. ಆ ಜಾಗ ಖಾಲಿ ಬಿಟ್ಟಿದ್ದೇನೆ.