ತೇಪೆ ಲಂಗ

ನ್ಯೂ ಡೋಕಮ್, ಅಯೋವಾ
ಮೇ ೧೨, ೧೯೯೫, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಡೌವೆ ಭಾವನ ಕೆಮ್ಮು ಇಳಿಯಿತೇ? ನಾನು ಗಟ್ಟಿಯಾಗಿದ್ದೇನೆ, ಸಿಟ್ಟೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

ಊರಲ್ಲಿ ಇಲ್ಲಿನ ಡಚ್ಚರ ಟ್ಯುಲಿಪ್ ಹಬ್ಬ. ಯುದ್ಧ ಮುಗಿದು ಐವತ್ತು ವರ್ಷವಾಯಿತೆಂದು ಈ ಸಲ ಮಡಿದವರ ಸ್ಮರಣೆಯೂ ಇದೆ. ಮೊಮ್ಮಗಳು ಟೆಸ್ ಮರದ ಬೂಟು ಮೆಟ್ಟಿ ಕುಣಿಯುವ ತಂಡಕ್ಕೆ ಸೇರಿದ್ದಾಳೆ. ಅಮ್ಮನ ತೇಪೆ ಲಂಗ ಉಟ್ಟು ಕುಣಿಯಲಿ ಎಂದು ನಾನೇ ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಜರ್ಮನರು ಹಾಲೆಂಡಿನಿಂದ ತೊಲಗಿದ ಮೇಲೆ ನಮ್ಮ ಬೀದಿಯ ಹೆಂಗಸರು ಮನೆಮಂದಿಯ ಹಳೆ ಬಟ್ಟೆ ಕೂಡಿಸಿ ಹೊಲಿದುಕೊಂಡರಲ್ಲ, ಅದೇ. ಅಂಚಿನಲ್ಲಿ ನಿನ್ನ ಹಳದಿ ಫ್ರಾಕು, ನನ್ನ ಶಾಲೆಯ ಅಂಗಿಯ ತೋಳು, ಸೊಂಟದ ಬಳಿ ಯೋರಿಟಣ್ಣನ ನೀಲಿ ಚೌಕಳಿ ಅಂಗಿ. ಅವನನ್ನು ಎಳೆದೊಯ್ದವರು ನಮಗೊಂದು ಗೋರಿಯನ್ನೂ ಉಳಿಸಲಿಲ್ಲ. ಅವನದೆಂದು ಇರುವುದು ಆ ಅಂಗೈಯಗಲ ಬಟ್ಟೆ ಮಾತ್ರ.

ನಿನ್ನೆ ಉಡುಪಿನ ತಪಾಸಣೆ. ಸಮಿತಿಯ ಲೋರ್ನಾ ಎಂಬುವಳು ಬಂದಳು. ಮುತ್ತಜ್ಜ ಹಡಗು ಹತ್ತಿದ್ದೇ ಕೊನೆ, ಅವಳ ವಂಶದಲ್ಲಿ ಯಾರೂ ಹಾಲೆಂಡಿನ ಮಣ್ಣು ಮೆಟ್ಟಿಲ್ಲ. ಮಾದರಿ ಪುಸ್ತಕ ತಿರುವಿ ಹಾಕಿ, "ಇದು ಡಚ್ಚರ ಬಟ್ಟೆ ಅಲ್ಲ ಕಣಮ್ಮಾ ಟೆಸ್. ಭಿಕ್ಷುಕರ ಥರ ಕಾಣ್ತೀಯ. ಹೋಗು, ಬದಲಾಯ್ಸು" ಎಂದಳು, ಎಲ್ಲರೆದುರು. "ಏ ಲೋರ್ನಾ, ಅಲ್ಲಿ ಹುಟ್ಟಿದ್ದು ನಾನೋ, ನಿನ್ ಪುಸ್ತಕಾನೋ?" ಎಂದು ಕೇಳಿದೆ. "ಆಂಟೀ, ನಿಯಮ ಎಲ್ರಿಗೂ ಒಂದೇ ಅಲ್ವಾ?" ಎಂದು ನಕ್ಕಳು. ಮೈಯೆಲ್ಲ ಉರಿದುಹೋಯಿತು. ಟೆಸ್ ಮುಖ ಕೆಂಪು ಮಾಡಿಕೊಂಡು, "ಅಜ್ಜೀ, ಸಾಕು, ಸುಮ್ನಿರು" ಎಂದವಳೇ ಅವರು ಹೇಳಿದ ಉಡುಪು ಹಾಕಿಕೊಂಡಳು. ಸಂಜೆ ಅದೇ ಲೋರ್ನಾ ವೇದಿಕೆ ಹತ್ತಿ, ಯುದ್ಧದಲ್ಲಿ ನಮ್ಮವರು ಪಟ್ಟ ಪಾಡು ಓದಿ ಕಣ್ಣೊರೆಸಿಕೊಂಡಳು! ಅಜ್ಜಿಗೆ ಅರಿವೆ ಚಿಂತೆ ಎಂದು ನಗಬೇಡ ಅಕ್ಕಾ. ಊರ ಮುಂದೆ ಅಣ್ಣನನ್ನೇ ಭಿಕ್ಷುಕ ಎಂದ ಹಾಗಾಯಿತು ನನಗೆ.

ನಾಳೆ ಮೆರವಣಿಗೆಗೆ ಮುಂಚೆ ಬೀದಿ ತೊಳೆಯುವ ಶಾಸ್ತ್ರ. ಪೊರಕೆ ಹಿಡಿಯುವವರಿಗೆ ತಪಾಸಣೆ ಇಲ್ಲ. ಲಂಗ ನಾನೇ ಉಡುತ್ತೇನೆ. ಲೋರ್ನಾ ಅಡ್ಡ ಬಂದರೆ ಬಕೆಟ್ಟಿನ ನೀರು ಎತ್ತ ಹೋಗುತ್ತದೋ ನಾ ಕಾಣೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆಲ್ಲ ಮುತ್ತು.

ನಿನ್ನ ಸಿಡುಕಿ ತಂಗಿ,
ಹಿಸ್ಕೆ

ಮರೆತೆ: ಲಂಗ ನನ್ನ ಸೊಂಟಕ್ಕೆ ಸಾಲಲಿಲ್ಲ. ಅಗಲ ಮಾಡಲು ಬಟ್ಟೆ ಹುಡುಕುತ್ತಿದ್ದೆ. ಟೆಸ್ ಕತ್ತರಿ ತಂದು, ಲೋರ್ನಾ ಒಪ್ಪಿದ ಆ ಉಡುಪನ್ನೇ ಕತ್ತರಿಸಿದಳು. ಈಗ ಯೋರಿಟಣ್ಣನ ಪಕ್ಕಕ್ಕೆ ಅದನ್ನು ಹೊಲಿಯುತ್ತ ಕೂತಿದ್ದಾಳೆ. ಅವಳ ಕುಣಿತ ಹೋಯಿತು. ಇನ್ನೊಂದು ಪೊರಕೆ ಹುಡುಕಬೇಕು.