ಹದಿನಾಲ್ಕನೇ ನಂಬರಿನ ಹತ್ತೊಂಬತ್ತು ಬಾಗಿಲು

ಮಾರ್ಚ್ 14, 2016, ಸೋಮವಾರ

ಇವತ್ತು ಇನ್ನೂರ ಎಂಬತ್ತು ವಿಳಾಸ. ತಲೆ ಚಿಟ್ಟು ಹಿಡಿಯಿತು. ಜನಕ್ಕೆ ತಾವಿರುವ ಜಾಗ ಬರೆಯಲು ಬರುವುದಿಲ್ಲ. 'ಕೆರೆ ಪಕ್ಕ, ನಾಯಿ ಇದೆ, ಫೋನ್ ಮಾಡಿ' — ಅಲ್ಲಾಳಸಂದ್ರದ ಮಹಾಶಯನೊಬ್ಬನ ವಿಳಾಸ ಇಷ್ಟೇ. ಕುಕ್ಕರ್ ತರಿಸಿದ್ದಾನೆ. 'ಮೊದಲು ಆಲದ ಮರ ಇತ್ತಲ್ಲ, ಅಲ್ಲಿ' — ಇನ್ನೊಬ್ಬ. ಮರ ಕಡಿದು ಹತ್ತು ವರ್ಷವಾಯಿತು. ಇದನ್ನೆಲ್ಲ ಆರು ಕಾಲಂಗೆ ತುಂಬಬೇಕು: ಮನೆ ನಂಬರು, ಮಹಡಿ, ರಸ್ತೆ, ಬಡಾವಣೆ, ಗುರುತು, ಪಿನ್‌ಕೋಡು. ಯಾವ ಊರಿನ ವಿಳಾಸವಾದರೂ ಒಂದೇ ಅಚ್ಚಿನಲ್ಲಿರಬೇಕಂತೆ. ಆಗಲೇ ಕಂಪ್ಯೂಟರಿಗೆ ಅರ್ಥವಾಗುವುದಂತೆ.

ಮೂವತ್ತನಾಲ್ಕು ವರ್ಷ ಕೊಡಿಗೇಹಳ್ಳಿಯಲ್ಲಿ ಟಪಾಲು ಹಂಚಿದವನು ನಾನು. ಯಾರನ್ನೂ ಒಂದು ಕಾಲಂ ಕೇಳಲಿಲ್ಲ. ರಿಟೈರಾದ ಮೇಲೆ ಮನೆಯಲ್ಲಿ ಸುಮ್ಮನಿರಲಾರದೆ ಹೆಬ್ಬಾಳದ ಈ ಆನ್‌ಲೈನ್ ಕಂಪನಿಯ ಎಸಿ ರೂಮಿನಲ್ಲಿ ಬಂದು ಕೂತೆ. ಕೊರಳಿನ ಕಾರ್ಡಿನಲ್ಲಿ 'ಅಡ್ರೆಸ್ ಎಕ್ಸ್‌ಪರ್ಟ್'. ಮಿಷನ್ ಕಾಫಿ ಕುಡಿದರೆ ಬಾಯೆಲ್ಲ ರಟ್ಟು ಅಗಿದ ಹಾಗೆ.

ಮಾರ್ಚ್ 16

ಟೀಮ್ ಲೀಡರ್ ಮಹೇಂದ್ರ. ಇಪ್ಪತ್ತೊಂಬತ್ತು ವಯಸ್ಸು, ಬಿಸಿಲಲ್ಲಿ ಒಂದು ಚೀಲ ಹೊತ್ತವನಲ್ಲ.

"ಸರ್, ಮೇಯಿಂದ ಲ್ಯಾಂಡ್‌ಮಾರ್ಕ್ ಕಾಲಂ ತೆಗೀತಿದೀವಿ. ಅದಿದ್ರೆ ಜನ ಕಥೆ ಬರೀತಾರೆ."

"ಕಥೆ ಅಲ್ಲ ಕಣಪ್ಪ. ದಾರಿ."

"ಸ್ಟ್ಯಾಂಡರ್ಡ್ ಅಂದ್ರೆ ಸ್ಟ್ಯಾಂಡರ್ಡ್ ಸರ್."

ಗುರುತೇ ಬೇಡವಂತೆ. ಥೂ.

ಮಾರ್ಚ್ 29, ಸಂಜೆ

ನಮ್ಮ ಕೊಡಿಗೇಹಳ್ಳಿಯ ಸರದಿ ಬಂತು. ಮುನಿಯಲ್ಲಪ್ಪನ ವಠಾರ. ಮುನಿಯಲ್ಲಪ್ಪ ಸತ್ತು ಇಪ್ಪತ್ತು ವರ್ಷ. ಖಾತೆ, ಕರೆಂಟ್ ಮೀಟರು ಇನ್ನೂ ಅವನ ಹೆಸರಲ್ಲೇ. ಮಕ್ಕಳು ಭಾಗ ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ, ಮೇಲೊಂದು ಹಿಂದೊಂದು ರೂಮು ಕಟ್ಟಿ ಬಾಡಿಗೆಗೆ ಬಿಟ್ಟು, ಈಗ ಹತ್ತೊಂಬತ್ತು ಸಂಸಾರ. ಎಲ್ಲದಕ್ಕೂ ಒಂದೇ ನಂಬರು, ಹದಿನಾಲ್ಕು. ಕಂಪ್ಯೂಟರು ಕೆಂಪು ಗೆರೆ ಎಳೆದು ಕೂತಿತು.

ನಗು ಬಂತು. ನಾನೇನು ಮಾಡುತ್ತಿದ್ದೆ? ರಿಜಿಸ್ಟರು, ಮನಿಯಾರ್ಡರು ಬಿಟ್ಟು ಉಳಿದದ್ದೆಲ್ಲ ಹಿರಿ ಸೊಸೆ ದ್ರೌಪದಮ್ಮನ ಜಗಲಿ ಮೇಲೆ. ಆಕೆ ಒಂದು ಕೂಗು ಹಾಕಿದರೆ ಸಾಕು, ಯಾರದ್ದೋ ಅವರು ಬಂದು ಒಯ್ಯುತ್ತಿದ್ದರು. ಒಂದು ಕಾಗದ ತಪ್ಪಿದ್ದಿಲ್ಲ. ಅದನ್ನೇ ಹಾಕಿದೆ. ಹತ್ತೊಂಬತ್ತು ಮನೆಗೂ ಒಂದೇ ಜಾಗ: ನಂ. 14, ದ್ರೌಪದಮ್ಮ. ಪರಿಶೀಲಿಸಿದವರು: ಯೋಗಾನಂದ.

ಮಹೇಂದ್ರ ಕುಣಿದ. "ಹತ್ತೊಂಬತ್ತು ರೆಕಾರ್ಡ್ ಒಂದಾಯ್ತಲ್ಲ ಸರ್, ಸೂಪರ್!" ಊರಿನ ಇನ್ನೂ ಮೂರು ವಠಾರಕ್ಕೆ ಅದೇ ಮದ್ದು ಹಾಕಿದೆ.

ಆ ವಠಾರದಲ್ಲೇ ಮುಸರ್ರತ್ ಇರುವುದು. ಗಂಡ ಹೋದ ಮೇಲೆ ಎರಡು ಮಿಷನ್ ಇಟ್ಟುಕೊಂಡು ಮಕ್ಕಳ ಫ್ರಾಕು ಹೊಲಿದು ನಮ್ಮ ಕಂಪನಿಯ ಸೈಟಿನಲ್ಲೇ ಮಾರುತ್ತಾಳೆ. ಪ್ರತಿ ರಂಜಾನ್ ಹಬ್ಬಕ್ಕೆ ನಮ್ಮನೆಗೆ ಅವಳ ಶೀರ್ ಕುರ್ಮಾ ಪಾಯಸದ ಡಬ್ಬಿ ಬರುತ್ತದೆ, ಹತ್ತು ಗಂಟೆಯೊಳಗೆ. ಇನ್ನು ಅವಳ ಬಟ್ಟೆ ಒಯ್ಯುವವರು ದಾರಿ ತಪ್ಪಿ ಅಲೆಯುವುದಿಲ್ಲ.

ಏಪ್ರಿಲ್ 4

ಆಫೀಸಿನ ಗೋಡೆ ಮೇಲೆ ನನ್ನ ಫೋಟೋ. 'ತಿಂಗಳ ಸಾಧಕ'. ಶುದ್ಧ ಬೂಟಾಟಿಕೆ. ಆದರೂ ಎರಡು ಸಲ ಆ ಕಡೆಯಿಂದಲೇ ನೀರು ಕುಡಿಯಲು ಹೋದೆ.

ಮೇ 20

ದ್ರೌಪದಮ್ಮನ ಜಗಲಿ ತುಂಬ ಪಾರ್ಸೆಲ್ ರಾಶಿ. ಹಾದು ಹೋಗುವಾಗ ಕಂಡೆ. ಆಕೆ ಗೋಡೆಗೊರಗಿ ನಿದ್ದೆ. ನಾಯಿಯೊಂದು ಡಬ್ಬ ಮೂಸುತ್ತಿತ್ತು. ಈಗಿನ ಕೊರಿಯರ್‌ನವರಿಗೆ ಶಿಸ್ತೇ ಇಲ್ಲ, ಎಸೆದು ಹೋಗುತ್ತಾರೆ.

ಜೂನ್ 9, ಗುರುವಾರ

ರಂಜಾನ್ ಉಪವಾಸ ಶುರುವಾಗಿ ಮೂರು ದಿನ. ಬೆಳಿಗ್ಗೆಯೇ ಮುಸರ್ರತ್ ಬಂದಳು, ಜೊತೆಗೆ ಮಗಳು ಐಮನ್.

"ನಮ್ದು ಅಕೌಂಟು ಬಂದ್ ಮಾಡಿದಾರೆ ಅಂಕಲ್. ಏನೋ ಇಂಗ್ಲಿಷಲ್ಲಿ ಬಂದೈತೆ."

ಐಮನ್ ಓದಿ ಹೇಳಿದಳು — ಒಂದೇ ಬಾಗಿಲಿಗೆ ಹತ್ತೊಂಬತ್ತು ಹೆಸರು, ಅಲ್ಲಿಗೆ ಬಂದ ಪಾರ್ಸೆಲ್ ಸಿಕ್ಕಿಲ್ಲವೆಂದು ನಾಲ್ಕು ದೂರು, ಮೋಸದ ಅನುಮಾನ, ವ್ಯಾಪಾರ ನಿಲ್ಲಿಸಲಾಗಿದೆ.

"ಮೋಸ ಅಂತೆ ಅಂಕಲ್! ಮನೆ ತುಂಬ ಫ್ರಾಕ್ ಹೊಲ್ದು ಇಟ್ಟಿದೀನಿ. ಈ ತಿಂಗಳು ಹೋದ್ರೆ ನಮ್ದು ವರ್ಷನೇ ಹೋಯ್ತು. ನೀವು ಅಲ್ಲೇ ಇದೀರಲ್ಲ..."

ಮೈ ಉರಿಯಿತು. ಕಂಪ್ಯೂಟರಿಗೆ, ಕಂಪನಿಗೆ, ಮಹೇಂದ್ರನಿಗೆ ಸೇರಿಸಿ ಬೈದೆ. ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಮ್ಮ ಎಂದೆ.

ಜೂನ್ 10

ರೆಕಾರ್ಡ್ ತೆಗೆದು ನೋಡಿದೆ. ಪರಿಶೀಲಿಸಿದವರು: ಯೋಗಾನಂದ.

ನಾನೇ.

ಜೂನ್ 13

ಮಹೇಂದ್ರನನ್ನು ಕೇಳಿದೆ. ಅಕೌಂಟ್ ಬಿಡಿಸಲು ಎರಡೇ ದಾರಿ. ಮುಸರ್ರತ್ ತನ್ನ ಹೆಸರಿನ ಕರೆಂಟ್ ಬಿಲ್ ಕೊಡಬೇಕು — ಮೀಟರು ಸತ್ತವನ ಹೆಸರಲ್ಲಿದೆ. ಇಲ್ಲದಿದ್ದರೆ ನಮೂದು ತಪ್ಪೆಂದು ನಾನು ಬರೆದುಕೊಡಬೇಕು.

"ಬರೆದ್ರೆ ನಿಮ್ಮ ಎಂಟ್ರಿ ಎಲ್ಲಾ ಮತ್ತೆ ಚೆಕ್ಕಿಗೆ ಹೋಗುತ್ತೆ ಸರ್. ಕಾಂಟ್ರ್ಯಾಕ್ಟೂ ಹೋಗ್ಬಹುದು. ಸುಮ್ನಿರಿ, ಹಬ್ಬ ಆಗ್ಲಿ, ನೋಡೋಣ."

ಫೋಟೋ ಗೋಡೆ ಮೇಲೆ ನಗುತ್ತಿತ್ತು. ಸುಮ್ಮನೆ ಬಂದು ಸೀಟಿನಲ್ಲಿ ಕೂತೆ.

ಜೂನ್ 14

ಮುಸರ್ರತ್ ಫೋನು. ಕಂಪ್ಯೂಟರ್ ಕೆಟ್ಟಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಹೆಂಡತಿ ರಾಧಾಮಣಿ ಸೊಪ್ಪು ಬಿಡಿಸುತ್ತ ನನ್ನ ಮುಖ ನೋಡಿದಳು.

ಜೂನ್ 24

ಹತ್ತು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಮುಸರ್ರತ್ ಆರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಬಸ್ ಸ್ಟಾಪಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೇನೆ, ವಠಾರದ ಗಲ್ಲಿ ತಪ್ಪಿಸಿ. ಮೂವತ್ತನಾಲ್ಕು ವರ್ಷ ದಿನಾ ತುಳಿದ ಗಲ್ಲಿ. ಕನ್ನಡಿ ನೋಡಿ ಗಡ್ಡ ಹೆರೆಯಲೂ ಹೇಸಿಗೆ.

ಜೂನ್ 26, ಭಾನುವಾರ

ತರಕಾರಿ ಗಾಡಿ ಹತ್ತಿರ ದ್ರೌಪದಮ್ಮ ಹಿಡಿದಳು. ಕೋಲು ಊರಿಕೊಂಡು ನಿಂತಿದ್ದಳು, ತಪ್ಪಿಸಿಕೊಳ್ಳಲಾಗಲಿಲ್ಲ.

"ಏನಪ್ಪಾ ಯೋಗಾನಂದ, ಇಂಗೆ ಮಾಡ್ಬೋದಾ? ಎಲ್ರುದ್ದೂ ನನ್ ತಲೆ ಮೇಲೇ ಆಕಿದೀಯ, ನಿನ್ ಅಳೇ ಪದ್ದತೀನೇ ಅಲ್ವಾ ಇದು? ಆವಾಗ ನಿನ್ ಕಾಗ್ದ ಕಾಯ್ತಾ ಕೂತಿರ್ತಿದ್ದೆ, ಕಣ್ ಕಾಣ್ತಿತ್ತು. ಈಗ ಎಂಬತ್ತಾಯ್ತು. ಯಾರ್ ಬಂದ್ರು, ಯಾರ್ ಎತ್ಕೊಂಡೋದ್ರು, ನಂಗೇನ್ ಗೊತ್ತು?"

ಆಕೆಗೆ ವಯಸ್ಸಾದದ್ದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

"ಆ ಸಾಬರ ಎಣ್ಮಗಳು ಒಂದ್ ಮಿಸನ್ನು ಮಾರ್ಬುಟ್ಳು ನೆನ್ನೆ," ಎಂದು ಹೇಳಿ ಹೋದಳು. ಕೊಂಡ ಹೀರೇಕಾಯಿ ಗಾಡಿಯಲ್ಲೇ ಬಿಟ್ಟು ಬಂದೆ.

ಜೂನ್ 27

ಆಫೀಸಿಗೆ ಹೋಗದೆ ಮೊದಲು ಮುಸರ್ರತ್ ಮನೆಗೆ ಹೋದೆ. ಒಂದು ಗೋಡೆಯುದ್ದಕ್ಕೂ ಫ್ರಾಕು, ಪ್ಲಾಸ್ಟಿಕ್ ಕವರಿನಲ್ಲಿ. ಮಿಷನ್ ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು. ನಿಂತುಕೊಂಡೇ ಹೇಳಿದೆ. ಕಂಪ್ಯೂಟರ್ ಕೆಟ್ಟಿರಲಿಲ್ಲ, ನಮೂದು ಮಾಡಿದವನು ನಾನೇ, ಹತ್ತನೇ ತಾರೀಖಿನಿಂದ ಗೊತ್ತಿತ್ತು ಎಂದು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ತಪ್ಪು ಎಲ್ರೂ ಮಾಡ್ತಾರೆ ಅಂಕಲ್. ಅವತ್ತೇ ಹೇಳಿದ್ರೆ ಆರ್.ಟಿ. ನಗರದಲ್ಲಿ ಅಂಗಡಿ ಅಂಗಡಿ ತಿರುಗಿ ಮಾರ್ತಿದ್ದೆ. ನೀವು ಎರಡು ದಿನ ಅಂದ್ರಿ. ಪೋಸ್ಟ್ ಅಂಕಲ್ ಹೇಳಿದಾರೆ ಅಂತ ಕಾಯ್ತಾ ಕೂತೆ."

ಐಮನ್ ನೀರು ತಂದಳು. ಉಪವಾಸದ ಮನೆಯಲ್ಲಿ ನನಗೊಬ್ಬನಿಗೆ ನೀರು. ಕುಡಿಯಲಾಗಲಿಲ್ಲ.

ಜೂನ್ 28

ಬರೆದುಕೊಟ್ಟೆ, ಉಳಿದ ಮೂರು ವಠಾರದ್ದೂ ಸೇರಿಸಿ. ತಪ್ಪಿನ ಕಾರಣಕ್ಕೂ ಒಂದು ಪಟ್ಟಿ ಇದೆ, ಅದರಲ್ಲೊಂದು ಒತ್ತಬೇಕು: ಟೈಪಿಂಗ್ ದೋಷ, ಗ್ರಾಹಕರ ದೋಷ, ಇತರೆ. 'ಇತರೆ' ಒತ್ತಿದೆ. ಆಮೇಲೆ ಕಣ್ಣು ಮುಚ್ಚಿ ವಠಾರದ ಒಂದೊಂದೇ ಬಾಗಿಲು ನಡೆದು ಹತ್ತೊಂಬತ್ತು ನಂಬರು ಹಾಕಿದೆ. 14/1 ದ್ರೌಪದಮ್ಮ. 14/7 ಮುಸರ್ರತ್. ಮಾರ್ಚಿನಲ್ಲಿ ಮಾಡಬಹುದಾಗಿದ್ದ ಅರ್ಧ ಗಂಟೆಯ ಕೆಲಸ.

ಜುಲೈ 1

ಕಾರ್ಡ್ ವಾಪಸ್ ತೆಗೆದುಕೊಂಡರು. ಗೋಡೆಯ ಫೋಟೋ ಆಗಲೇ ಇರಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಸರ್," ಎಂದ ಮಹೇಂದ್ರ. ಅಕೌಂಟ್ ಯಾವಾಗ ತೆರೆಯುತ್ತದೆ ಎಂದು ಕೇಳಿದೆ. "ಪ್ರೊಸೆಸ್‌ನಲ್ಲಿದೆ."

ಜುಲೈ 7, ಗುರುವಾರ

ಹಬ್ಬ. ಹತ್ತು ಗಂಟೆ ಆಯಿತು. ಹನ್ನೊಂದೂ ಆಯಿತು. ರಾಧಾಮಣಿ ಹೋದ ವರ್ಷದ ಡಬ್ಬಿ ತೊಳೆದು, ಸಕ್ಕರೆ ತುಂಬಿ, ವಾಪಸ್ ಕೊಡಲೆಂದು ಇಟ್ಟುಕೊಂಡಿದ್ದಾಳೆ. ಎರಡು ಸಲ ಬಾಗಿಲಿಗೆ ಹೋಗಿ ಬಂದಳು.

ಹನ್ನೊಂದೂವರೆಗೆ ಗೇಟಿನ ಸದ್ದು. ಕೊರಿಯರ್‌ನವನು. "ಸರ್, 14/7 ಎಲ್ಲಿ ಬರುತ್ತೆ? ಪಿಕಪ್ ಇದೆ. ಮ್ಯಾಪಲ್ಲಿ ತೋರಿಸ್ತಿಲ್ಲ, ಫೋನೂ ಎತ್ತುತ್ತಿಲ್ಲ."

ಅಕೌಂಟ್ ತೆರೆದಿದೆ. ಇವತ್ತು. ಹಬ್ಬದ ಬಟ್ಟೆ ಎಲ್ಲರೂ ಹಾಕಿಕೊಂಡಾದ ಮೇಲೆ. ಥೂ ನನ್ನ ಜನ್ಮಕ್ಕೆ.

ಗುಡಿ ಹಿಂದೆ ಹೋಗಿ ಎಡಕ್ಕೆ, ಎಂದು ಶುರು ಮಾಡಿದೆ. ಅವನಿಗೆ ತಿಳಿಯಲಿಲ್ಲ. ನಡಿ, ನಾನೇ ಬರುತ್ತೇನೆ ಎಂದೆ. ರಾಧಾಮಣಿ ಡಬ್ಬಿ ಕೈಗಿಟ್ಟಳು. ಚಪ್ಪಲಿ ಮೆಟ್ಟಿ ಗಲ್ಲಿಯ ತಿರುವಿನವರೆಗೆ ಹೋದೆ. ಅಲ್ಲಿಂದ ಏಳನೇ ಬಾಗಿಲು. ಅಲ್ಲಿಂದ ಮುಂದೆ ಕೊರಿಯರ್‌ನವನನ್ನು ಮಾತ್ರ ಕಳಿಸಿ, ಸಕ್ಕರೆ ಡಬ್ಬಿ ಹಿಡಿದು ಮನೆಗೆ ತಿರುಗಿದೆ.